ಮನೆಯ ಯಂತ್ರಗಳು: ಪ್ಲಾಸ್ಮಾ ಟೆಲಿವಿಷನ್ನು

ಮೈಸೂರು ಸೀಮೆಯ ವಾಚಕಿಯೊಬ್ಬರು ನಮಗೊಂದು ಕಾಗದವನ್ನು ಬರೆದಿರುವರು. ಅವರ ಯಜಮಾನರು ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದಾಗ, 2010ನೆಯ ಇಸವಿಯಲ್ಲಿ, ಕೈಗೆ ಬಂದ ಹಣದಲ್ಲಿ ಒಂದು ಭಾಗವನ್ನು ವೆಚ್ಚಮಾಡಿ 42 ಅಂಗುಲದ ಪ್ಲಾಸ್ಮಾ ಟೆಲಿವಿಷನ್ನನ್ನು ಮನೆಗೆ ತಂದರಂತೆ. ಯಜಮಾನರು ಈಗ ಇಲ್ಲ. ಯಂತ್ರವು ಇನ್ನೂ ನಡೆಯುತ್ತಿರುವುದು. ಈಚೆಗೆ ಅದರ ಚಿತ್ರವು ತುಸು ಮಂಕಾಗಿ, ಮೂಲೆಯೊಂದರಲ್ಲಿ ವಾರ್ತಾವಾಹಿನಿಯ ಗುರುತು ನೆರಳಿನಂತೆ ನಿಂತುಬಿಟ್ಟಿದೆ. ನೋಡಲು ಬಂದ ಕೆಲಸಗಾರನು, “ಒಳಗಿನ ಗ್ಯಾಸು ತೀರಿದೆ, ತುಂಬಿಸಲು ಆರು ಸಾವಿರ ರೂಪಾಯಿ ಆಗುತ್ತದೆ” ಎಂದನಂತೆ. ಮಗನು, “ಅಮ್ಮಾ, ಇದನ್ನು ಗುಜರಿಗೆ ಕೊಟ್ಟು ಹೊಸದನ್ನು ತರೋಣ” ಎನ್ನುತ್ತಾನೆ. “ನನಗೆ ಮನಸ್ಸು ಬಾರದು. ಸಂಜೆ ಎರಡು ಗಂಟೆ ನೋಡುವವಳಿಗೆ ಇಷ್ಟು ಸಾಲದೆ? ಆದರೆ ನನ್ನ ಹಟಕ್ಕಾಗಿ ಮನೆಗೆ ನಷ್ಟವಾಗಕೂಡದು. ತಿಳಿದವರು ಹೇಳಬೇಕು” ಎಂಬುದಾಗಿ ಆ ತಾಯಿ ಕೇಳಿರುವರು.

ಇಂತಹ ಯಂತ್ರವು ನಮ್ಮ ವಾಚಕರಲ್ಲಿ ಇನ್ನೂ ಕೆಲವರ ಮನೆಯಲ್ಲಿ ಇರಬಹುದಾದ ಕಾರಣ, ಉತ್ತರವನ್ನು ಎಲ್ಲರಿಗೂ ಉಪಯೋಗವಾಗುವಂತೆ ಇಲ್ಲಿ ಬರೆಯುತ್ತೇವೆ.

ಮೊದಲನೆಯದಾಗಿ ಪ್ಲಾಸ್ಮಾ ಎಂದರೇನು? ವೈದ್ಯರು ಹೇಳುವ ರಕ್ತದ ಪ್ಲಾಸ್ಮಾಕ್ಕೂ ಇದಕ್ಕೂ ಸಂಬಂಧವಿಲ್ಲ. ಅನಿಲದ ಮೂಲಕ ಪ್ರಬಲವಾದ ವಿದ್ಯುತ್ತು ಹರಿದಾಗ ಅದರ ಪರಮಾಣುಗಳು ಒಡೆದು, ವಿದ್ಯುತ್ಕಣಗಳು ಬಿಡಿಬಿಡಿಯಾಗಿ ಓಡಾಡುವ ಸ್ಥಿತಿಯನ್ನು ವಿಜ್ಞಾನಿಗಳು ಪ್ಲಾಸ್ಮಾ ಎನ್ನುವರು. ಆಕಾಶದಲ್ಲಿ ಮಿಂಚುವ ಮಿಂಚು ಅದೇ. ನಮ್ಮ ಕೋಣೆಯ ಟ್ಯೂಬ್ ಲೈಟಿನೊಳಗೆ ಆಗುವುದೂ ಅದೇ. ಟ್ಯೂಬ್ ಲೈಟಿನ ಗಾಜಿಗೆ ಒಳಗಿನಿಂದ ಬಿಳಿಯ ಪುಡಿಯನ್ನು ಲೇಪಿಸಿರುವರಷ್ಟೆ. ಒಳಗೆ ಹುಟ್ಟುವ, ಕಣ್ಣಿಗೆ ಕಾಣದ ಅತಿನೇರಳೆ ಕಿರಣವು ಆ ಪುಡಿಗೆ ತಗಲಿದಾಗ ಪುಡಿಯು ಬೆಳಗುವುದು.

ಪ್ಲಾಸ್ಮಾ ಟೆಲಿವಿಷನ್ನು ಇಂತಹ ಅತಿ ಸಣ್ಣ ದೀಪಗಳ ಸಮೂಹ. ಎರಡು ಗಾಜಿನ ಹಲಗೆಗಳ ನಡುವೆ ಜೇನುಹುಟ್ಟಿನಲ್ಲಿರುವಂತೆ ಸಣ್ಣ ಗೂಡುಗಳನ್ನು ಮಾಡಿ, ನಿಯಾನ್ ಮತ್ತು ಕ್ಸೆನಾನ್ ಎಂಬ ಅನಿಲಗಳನ್ನು ತುಂಬಿ ಭದ್ರವಾಗಿ ಮುಚ್ಚಿರುವರು. ಒಂದು ಗೂಡಿಗೆ ಕೆಂಪು, ಇನ್ನೊಂದಕ್ಕೆ ಹಸಿರು, ಮತ್ತೊಂದಕ್ಕೆ ನೀಲಿ ಬೆಳಕನ್ನು ಕೊಡುವ ಪುಡಿಯ ಲೇಪನವಿರುವುದು. ಮೂರು ಗೂಡು ಸೇರಿದರೆ ಚಿತ್ರದ ಒಂದು ಚುಕ್ಕೆ. 42 ಅಂಗುಲದ ಅನೇಕ ಯಂತ್ರಗಳಲ್ಲಿ ಸಾಲಿಗೆ 1024 ಚುಕ್ಕೆಗಳಂತೆ 768 ಸಾಲುಗಳಿದ್ದುವು. ಲೆಕ್ಕಮಾಡಿದರೆ 23,59,296 ದೀಪಗಳಾದುವು! ಬೇಕಾದ ಕಡೆ ಹೊತ್ತಿ, ಬೇಡವಾದ ಕಡೆ ಆರುವುದರಿಂದಲೇ ಇದರಲ್ಲಿ ಕಪ್ಪು ಬಣ್ಣವು ಬಹಳ ಗಾಢವಾಗಿ ಕಾಣುವುದು. ಪಕ್ಕದಲ್ಲಿ ಕುಳಿತು ನೋಡಿದರೂ ಬಣ್ಣ ಕೆಡದು. ಓಡುವ ಚೆಂಡಿನ ಹಿಂದೆ ಮಸುಕು ಹಿಡಿಯದು.

ಈ ತತ್ತ್ವವನ್ನು ಕಂಡುಹಿಡಿದವರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೊ ಮತ್ತು ರಾಬರ್ಟ್ ವಿಲ್ಸನ್ ಎಂಬ ಮೂವರು. 1964ರಲ್ಲಿ ಅವರು ಇದನ್ನು ಮಾಡಿದುದು ಮನರಂಜನೆಗಾಗಿಯಲ್ಲ. ಕಂಪ್ಯೂಟರಿನ ಮೂಲಕ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಪ್ಲೇಟೋ ಎಂಬ ಏರ್ಪಾಟಿಗಾಗಿ. ಉಪಾಧ್ಯಾಯರೊಬ್ಬರು ಮನೆಗೆ ತಂದ ಯಂತ್ರದ ಮೂಲವು ಪಾಠಶಾಲೆಯ ಕೆಲಸವೇ ಆಗಿರುವುದನ್ನು ತಿಳಿದು ನಮ್ಮ ವಾಚಕಿಗೆ ಸಂತೋಷವಾದೀತು. ಬಣ್ಣದ ದೊಡ್ಡ ಪ್ಲಾಸ್ಮಾ ಟೆಲಿವಿಷನ್ನುಗಳು ಮಾರಾಟಕ್ಕೆ ಬಂದುದು 1990ರ ತರುವಾಯ. ಬಳಿಕ ಕಡಮೆ ವಿದ್ಯುತ್ತು ಸಾಕಾಗುವ ಬೇರೆ ಬಗೆಯ ಯಂತ್ರಗಳು ಅಗ್ಗವಾಗಿ ಬರಲು, ಇದರ ಗಿರಾಕಿಗಳು ಕಡಮೆಯಾದರು. ಪ್ಯಾನಸೋನಿಕ್ ಸಂಸ್ಥೆಯವರು 2013ರ ಕೊನೆಯಲ್ಲಿ ಇದರ ತಯಾರಿಕೆಯನ್ನು ನಿಲ್ಲಿಸಿದರು. ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಸಂಸ್ಥೆಗಳವರು 2014ರಲ್ಲಿ ಅದೇ ದಾರಿಯನ್ನು ಹಿಡಿದರು. ಆದುದರಿಂದ ಅಂಗಡಿಯಲ್ಲಿ ಇಂದು ಹೊಸ ಪ್ಲಾಸ್ಮಾ ಯಂತ್ರವು ದೊರೆಯದು.

ಇನ್ನು ಗ್ಯಾಸಿನ ಮಾತು. ಗೂಡಿನೊಳಗಿನ ಅನಿಲವು ದೀಪದ ಎಣ್ಣೆಯಂತೆ ಉರಿದು ತೀರುವ ವಸ್ತುವಲ್ಲ. ಅದನ್ನು ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಮತ್ತೆ ತುಂಬುವ ಉಪಾಯವೂ ಇಲ್ಲ. ಹಾಗೆ ಹೇಳಿ ಹಣ ಕೇಳುವವನಿಗೆ ಅರಿವು ಸಾಲದು, ಇಲ್ಲವೆ ಪ್ರಾಮಾಣಿಕತೆ ಸಾಲದು. ಎರಡರಲ್ಲಿ ಯಾವುದಾದರೂ ಒಂದು ಕಾಸನ್ನೂ ಕೊಡತಕ್ಕದ್ದಲ್ಲ. ಸವೆಯುವುದು ಅನಿಲವಲ್ಲ, ಬೆಳಗುವ ಪುಡಿ. ಯಂತ್ರವು ನಡೆದಷ್ಟು ಕಾಲವೂ ಅದು ಸ್ವಲ್ಪ ಸ್ವಲ್ಪವಾಗಿ ಮಂಕಾಗುತ್ತಾ ಬರುವುದು ಸಹಜ.

ಮೂಲೆಯ ನೆರಳಿಗೆ ಕಾರಣವೂ ಇದೇ. ಎಲ್ಲರೂ ಕಾಲಿಡುವ ಕಡೆ ಹೊಸ್ತಿಲು ಹೆಚ್ಚಾಗಿ ಸವೆಯುವಂತೆ, ಒಂದೇ ಗುರುತು ದಿನವೆಲ್ಲ ಒಂದೇ ಸ್ಥಳದಲ್ಲಿ ಬೆಳಗಿದರೆ ಅಲ್ಲಿಯ ಪುಡಿಯು ಮಿಕ್ಕ ಕಡೆಗಿಂತ ಬೇಗ ಸವೆಯುವುದು. ಇದರಲ್ಲಿ ಎರಡು ಬಗೆಯುಂಟು. ಕೆಲವು ಗಂಟೆಗಳ ಕಾಲ ಬೇರೆ ಬೇರೆ ಚಲಿಸುವ ಚಿತ್ರಗಳನ್ನು ನೋಡಿದ ಮೇಲೆ ಅಳಿಸಿಹೋದರೆ ಅದು ತಾತ್ಕಾಲಿಕವಾದ ನೆರಳು, ಹೆದರಬೇಕಾಗಿಲ್ಲ. ಹಲವು ವಾರಗಳಾದರೂ ಹೋಗದಿದ್ದರೆ ಅದು ಶಾಶ್ವತವಾದ ಸವೆತ. ಅದಕ್ಕೆ ಔಷಧವಿಲ್ಲ, ಆದರೆ ಹೆಚ್ಚದಂತೆ ತಡೆಯಬಹುದು.

ತಡೆಯುವ ಕ್ರಮವು ಸುಲಭ. ರಿಮೋಟಿನಿಂದ ಬೆಳಕಿನ ಪ್ರಖರತೆಯನ್ನು ಇಳಿಸಿಡಬೇಕು. ವಾರ್ತಾವಾಹಿನಿಯನ್ನು ಹಾಕಿಟ್ಟು ಅಡಿಗೆಮನೆಗೆ ಹೋಗಿಬಿಡಬಾರದು. ಕೆಳಗೆ ಹರಿಯುವ ಸಾಲಿನ ಪಟ್ಟಿಯೂ ಮೂಲೆಯ ಗುರುತೂ ಗಂಟೆಗಟ್ಟಲೆ ನಿಂತಲ್ಲೇ ನಿಲ್ಲುವುವು. ಕ್ರಿಕೆಟ್ಟಿನ ದಿನ ಅಂಕಗಳ ಪಟ್ಟಿಯ ವಿಷಯದಲ್ಲಿಯೂ ಇದೇ ಎಚ್ಚರಿಕೆ. ಚಿತ್ರವು ಆದಷ್ಟು ಮಟ್ಟಿಗೆ ಪರದೆಯನ್ನು ತುಂಬಿರಲಿ. ಎರಡು ಪಕ್ಕಗಳಲ್ಲಿ ಕಪ್ಪು ಪಟ್ಟಿಯನ್ನು ಬಹುಕಾಲ ಬಿಡಬಾರದು.

ಮಿಕ್ಕ ಪೋಷಣೆಯನ್ನೂ ಹೇಳುತ್ತೇವೆ. ಮುಂದಿನ ಗಾಜನ್ನು ಒಣಗಿದ, ಮೃದುವಾದ ಹತ್ತಿಯ ಬಟ್ಟೆಯಿಂದ ಮೆಲ್ಲಗೆ ಒರಸಬೇಕು. ನೀರನ್ನು ಚಿಮುಕಿಸುವುದು, ಸಾಬೂನು, ಸ್ಪಿರಿಟ್ಟು ಮೊದಲಾದುವನ್ನು ಹಚ್ಚುವುದು ಕೂಡದು. ಹೊಳಪನ್ನು ತಡೆಯಲು ಗಾಜಿನ ಮೇಲೆ ಹಾಕಿರುವ ತೆಳುಲೇಪವು ಕೆಡುವುದು. ಈ ಯಂತ್ರವು ಬಹಳ ಕಾಯುವುದರಿಂದ ಹಿಂದೆಯೂ ಮೇಲೆಯೂ ಗಾಳಿಯಾಡಲು ಅಂಗೈಯಗಲದಷ್ಟಾದರೂ ಸ್ಥಳವಿರಬೇಕು, ಬೀರುವಿನೊಳಗೆ ಮುಚ್ಚಿಡಬಾರದು. ಮೇಲೆ ನೀರಿನ ತಂಬಿಗೆಯನ್ನಾಗಲಿ ದೀಪವನ್ನಾಗಲಿ ಇಡಬಾರದು. ಸಿಡಿಲು ಮಳೆಯ ಸೂಚನೆ ಕಂಡೊಡನೆ ಪ್ಲಗ್ಗನ್ನೂ ಕೇಬಲ್ಲನ್ನೂ ಬಿಡಿಸಬೇಕು. ಸ್ಥಳ ಬದಲಾಯಿಸುವಾಗ ಇಬ್ಬರು ಹಿಡಿದು, ನೆಟ್ಟಗೆ ನಿಲ್ಲಿಸಿಯೇ ಸಾಗಿಸಬೇಕು. ಅಡ್ಡ ಮಲಗಿಸಿದರೆ ಗಾಜು ತನ್ನ ಭಾರಕ್ಕೆ ತಾನೇ ಬಿರಿಯಬಹುದು.

ಎಲ್ಲಕ್ಕಿಂತ ಮುಖ್ಯವಾದ ಎರಡು ಮಾತುಗಳುಂಟು. ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಯಂತ್ರವನ್ನು ಗೋಡೆಗೆ ಭದ್ರವಾಗಿ ಬಿಗಿಯಬೇಕು. ಇಷ್ಟು ಭಾರದ ವಸ್ತು ಮಗುವಿನ ಮೇಲೆ ಉರುಳಿದರೆ ಪ್ರಾಣಕ್ಕೆ ಅಪಾಯ. ಹಿಂದಿನ ಮುಚ್ಚಳವನ್ನು ಮನೆಯವರು ಬಿಚ್ಚಲೇಬಾರದು. ಪ್ಲಗ್ಗನ್ನು ತೆಗೆದ ಮೇಲೆಯೂ ಒಳಗೆ ಕೆಲಹೊತ್ತು ಅಪಾಯಕರವಾದ ವಿದ್ಯುತ್ತು ನಿಂತಿರುವುದು.

ಈಗ ವೆಚ್ಚವನ್ನು ವಿಚಾರಿಸೋಣ. ಈ ಅಳತೆಯ ಪ್ಲಾಸ್ಮಾ ಯಂತ್ರವು 250 ವಾಟ್, ಇಂದಿನ ಎಲ್‌ಇಡಿ ಯಂತ್ರವು 80 ವಾಟ್ ಹಿಡಿಯುವುದೆಂದು ಇಟ್ಟುಕೊಳ್ಳೋಣ. ದಿನಕ್ಕೆ ಎರಡು ಗಂಟೆ ನೋಡಿದರೆ ತಿಂಗಳಿಗೆ ಮೊದಲನೆಯದಕ್ಕೆ 15 ಯೂನಿಟ್ಟು, ಎರಡನೆಯದಕ್ಕೆ ಸುಮಾರು 5. ವ್ಯತ್ಯಾಸವು 10 ಯೂನಿಟ್ಟು ಮಾತ್ರ. ದಿನಕ್ಕೆ ಹತ್ತು ಗಂಟೆ ನಡೆಯುವ ಮನೆಯಲ್ಲಾದರೆ ವ್ಯತ್ಯಾಸವು 51 ಯೂನಿಟ್ಟಾಗುವುದು. ತಮ್ಮ ಬಿಲ್ಲಿನ ದರದಿಂದ ಗುಣಿಸಿಕೊಂಡರೆ ನಿರ್ಧಾರವು ತಾನಾಗಿ ಹೊಳೆಯುವುದು. ಹೆಚ್ಚು ನೋಡುವವರಿಗೆ ಬದಲಾವಣೆಯೇ ಲಾಭ. ಕೊಂಚ ನೋಡುವವರಿಗೆ ಇದ್ದುದೇ ಸಾಕು.

ರಿಪೇರಿಯ ವಿಷಯದಲ್ಲಿಯೂ ವಿವೇಚನೆ ಬೇಕು. ಯಂತ್ರವು ಒಮ್ಮೆಗೇ ನಿಂತುಹೋದರೆ ಅನೇಕ ವೇಳೆ ವಿದ್ಯುತ್ತನ್ನು ಒದಗಿಸುವ ಭಾಗದ ದೋಷವಿರುವುದು; ಅನುಭವಸ್ಥನು ಅಲ್ಪ ವೆಚ್ಚದಲ್ಲಿ ಸರಿಪಡಿಸಬಹುದು. ಗಾಜಿನ ಹಲಗೆಯೇ ಒಡೆದರೆ ಆಸೆಯನ್ನು ಬಿಡುವುದು ಮೇಲು. ಹಳೆಯ ಪ್ಲಾಸ್ಮಾ ಯಂತ್ರವನ್ನು ಅಗ್ಗವೆಂದು ಹೊಸದಾಗಿ ಕೊಳ್ಳುವವರಿಗೆ ಮಾತ್ರ ನಾವು ಬೇಡವೆಂದೇ ಹೇಳುವೆವು. ಬಿಡಿಭಾಗಗಳು ವರ್ಷದಿಂದ ವರ್ಷಕ್ಕೆ ದುರ್ಲಭವಾಗುತ್ತಿರುವುವು.

ಹೊಸದನ್ನು ಆರಿಸುವವರು ಇಷ್ಟನ್ನು ನೆನಪಿಡಬೇಕು. ಬಿಸಿಲು ಬೀಳುವ ಹಜಾರಕ್ಕೆ ಎಲ್‌ಇಡಿ ಯಂತ್ರವು ಯೋಗ್ಯ. ಅದರಲ್ಲಿ ಹಿಂದಿನಿಂದ ಬರುವ ಬೆಳಕನ್ನು ಮುಂದಿನ ಪದರವು ತಡೆದು ಬಿಡುವುದರಿಂದ ಕಪ್ಪು ಅಷ್ಟು ಗಾಢವಾಗಿರದು. ಒಎಲ್‌ಇಡಿ ಎಂಬ ಬಗೆಯಲ್ಲಿ ಪ್ಲಾಸ್ಮಾದಂತೆಯೇ ಪ್ರತಿ ಚುಕ್ಕೆಯೂ ತಾನೇ ಬೆಳಗುವುದು. ಗಾಢವಾದ ಕಪ್ಪು ಉಂಟು, ಬೆಲೆಯೂ ಹೆಚ್ಚು, ನಿಂತ ಗುರುತಿನಿಂದ ನೆರಳು ಬೀಳುವ ದೋಷವೂ ಉಂಟು. ಅಂಗಡಿಯ ಪ್ರಖರವಾದ ದೀಪಗಳ ನಡುವೆ ಕಣ್ಣು ಕೋರೈಸುವ ಯಂತ್ರವು ಮನೆಯಲ್ಲಿಯೂ ಉತ್ತಮವೆಂದು ಎಣಿಸಬಾರದು. ಪಕ್ಕಕ್ಕೆ ಸರಿದು ನೋಡಿ, ಮುಖದ ಬಣ್ಣವು ಸಹಜವಾಗಿದೆಯೆ ಎಂದು ಪರೀಕ್ಷಿಸಬೇಕು. ನಕ್ಷತ್ರದ ಚೀಟಿಯಲ್ಲಿ ವರ್ಷಕ್ಕೆಷ್ಟು ಯೂನಿಟ್ಟೆಂಬುದನ್ನೂ ಓದಬೇಕು.

ಆಯುಸ್ಸು ತೀರಿದ ಯಂತ್ರವನ್ನು ಬೀದಿಯ ಗುಜರಿಗೆ ಹಾಕಬಾರದು. ಹಳೆಯ ಹಲಗೆಗಳ ಗಾಜಿನಲ್ಲಿ ಸೀಸವಿರುವುದುಂಟು. ಒಡೆದು ಸುಟ್ಟರೆ ನೆಲಕ್ಕೂ ಗಾಳಿಗೂ ಕೇಡು, ಒಡೆಯುವ ಕೂಲಿಯವನಿಗೆ ಎಲ್ಲಕ್ಕಿಂತ ಹೆಚ್ಚಿನ ಕೇಡು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಸಂಸ್ಕರಣೆಗಾರರಿರುವರು. ಅವರಿಗೆ ತಲಪುವಂತೆ ಒಪ್ಪಿಸತಕ್ಕದ್ದು.

ಆದಕಾರಣ ನಮ್ಮ ವಾಚಕಿಗೆ ಹೇಳತಕ್ಕದ್ದೇನೆಂದರೆ: ತಾಯೇ, ಆರು ಸಾವಿರವನ್ನು ಕೊಡಬೇಡಿ. ಬೆಳಕನ್ನು ತುಸು ಇಳಿಸಿ, ವಾರ್ತೆಯನ್ನು ಬೇಕಾದಷ್ಟೇ ನೋಡಿ, ಸಂಜೆಯ ಎರಡು ಗಂಟೆಗೆ ಆ ಯಂತ್ರವನ್ನೇ ಇಟ್ಟುಕೊಳ್ಳಿ. ತಿಂಗಳಿಗೆ ಹತ್ತು ಯೂನಿಟ್ಟು ಹಟದ ನಷ್ಟವೆನಿಸದು. ಹಲಗೆಯು ಕೆಟ್ಟು, ಇನ್ನು ನಡೆಯದೆಂದು ತಿಳಿದ ದಿನ ಮಾತ್ರ ಮಗನ ಮಾತನ್ನು ಕೇಳಿರಿ. ಯಜಮಾನರು ಕೊಟ್ಟ ಹಣಕ್ಕೆ ಅದು ಅಷ್ಟು ಹೊತ್ತಿಗೆ ಪೂರ್ಣವಾಗಿ ದುಡಿದಿರುವುದು; ಯೋಗ್ಯವಾದ ಸ್ಥಳಕ್ಕೆ ಕಳುಹಿಸಿಕೊಡುವುದರಲ್ಲಿ ಅವರ ನೆನಪಿಗೆ ಕುಂದೇನೂ ಬಾರದು.