ಚುಟ್ಟಿಯನ್ನು ನುಂಗುವ ಸೌಂದರ್ಯ

ಶಾಲಾ ಕಲೋತ್ಸವದ ದಿನಗಳು ಬಂದುವೆಂದರೆ ತರಗತಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಛಾಯಾಚಿತ್ರಗಳಿಗೆ ಬರವಿಲ್ಲ. ಭಾವಗೀತೆ, ಜನಪದ ನೃತ್ಯ, ಯಕ್ಷಗಾನ ಎಲ್ಲವೂ ಅಲ್ಲಿರುತ್ತವೆ. ಆದರೆ ಈಗೀಗ ತೆಗೆದ ಹಾಗೆಯೇ ಬರುವ ಚಿತ್ರಗಳು ವಿರಳ. ಒಂದಕ್ಕೆ ಹಳೆಯ ಕಾಲದ ಕಂದು ಬಣ್ಣ, ಇನ್ನೊಂದಕ್ಕೆ ತೈಲಚಿತ್ರದ ಕುಂಚದ ಗೆರೆ, ಮತ್ತೊಂದರಲ್ಲಿ ಮಗುವಿನ ಮುಖಕ್ಕೆ ಮೇಣದ ಬೊಂಬೆಯ ನುಣುಪು. ಈ ಪರಿಣಾಮಗಳಲ್ಲಿ ಯಾವುದು ಏನು ಮಾಡುತ್ತದೆ ಎಂಬುದನ್ನು ತಿಳಿಯುವ ಸಲುವಾಗಿ, ಮನೆಯವರ ಒಪ್ಪಿಗೆ ಪಡೆದು, ಯಕ್ಷಗಾನದ ಬಣ್ಣದ ವೇಷವೊಂದರ ಚಿತ್ರವನ್ನು ಹಲವು ಆ್ಯಪ್‌ಗಳ ಮೂಲಕ ಹಾಯಿಸಿ ನೋಡಿದೆನು. ಬಣ್ಣದ ವೇಷವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಮನುಷ್ಯರ ಮುಖ ಹೇಗಿರಬೇಕು ಎಂದು ಈ ಆ್ಯಪ್‌ಗಳು ಕಲಿತಿರುವ ಪಾಠಕ್ಕೆ ಅದು ಎಲ್ಲ ವಿಧದಲ್ಲಿಯೂ ವಿರುದ್ಧವಾಗಿದೆ.

ಮುಖವನ್ನು ಚೆಲುವಾಗಿಸುವ ‘ಬ್ಯೂಟಿ’ ಸೌಲಭ್ಯದಿಂದ ಆರಂಭಿಸೋಣ. ಇದಕ್ಕೆ ಬೇರೆ ಆ್ಯಪ್ ಬೇಕೆಂದೇನೂ ಇಲ್ಲ. ಎಷ್ಟೋ ಫೋನುಗಳ ಕ್ಯಾಮರಾದಲ್ಲಿಯೇ ಅದು ಅಡಗಿರುತ್ತದೆ, ಕೆಲವದರಲ್ಲಿ ನಾವು ಕೇಳದೆಯೇ ಚಾಲನೆಯಲ್ಲಿಯೂ ಇರುತ್ತದೆ. ಚರ್ಮದ ಮೇಲಿನ ಸಣ್ಣ ಏರುಪೇರುಗಳನ್ನೆಲ್ಲ ಕಲೆಗಳೆಂದು ಭಾವಿಸಿ ಸುತ್ತಲಿನ ಬಣ್ಣದೊಡನೆ ಬೆರೆಸಿಬಿಡುವುದು ಅದರ ಕೆಲಸ. ಮೊಡವೆಗೂ ಚುಟ್ಟಿಗೂ ಇರುವ ಅಂತರ ಅದಕ್ಕೆ ತಿಳಿಯದು. ಅಕ್ಕಿಹಿಟ್ಟು ಮತ್ತು ಸುಣ್ಣವನ್ನು ಹದವಾಗಿ ಕಲಸಿ, ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು, ಚುಕ್ಕಿಯ ಪಕ್ಕ ಚುಕ್ಕಿಯಿಟ್ಟು ಎಬ್ಬಿಸಿದ ಮುಳ್ಳುಗಳ ಸಾಲು ಪರದೆಯ ಮೇಲೆ ತಿಳಿಗಂಜಿಯಂತೆ ಹರಡಿಕೊಂಡಿತು. ರಾಕ್ಷಸನ ರೌದ್ರವೆಲ್ಲ ಕರಗಿ, ಮುಖಕ್ಕೆ ಹಿಟ್ಟು ಮೆತ್ತಿಕೊಂಡ ಹುಡುಗನೊಬ್ಬ ಉಳಿದನು.

ವೇಷ ಕಳಚಿದ ಮೇಲಾದರೂ ಸರಿಹೋಗುವುದೇ ಎಂದರೆ ಅಲ್ಲಿನ ತೊಂದರೆ ಇನ್ನೂ ದೊಡ್ಡದು. 2017ರಲ್ಲಿ ಫೇಸ್‌ಆ್ಯಪ್ ಎಂಬ ಆ್ಯಪ್, ಮುಖವನ್ನು ಆಕರ್ಷಕಗೊಳಿಸುವ ಪರಿಣಾಮವೆಂದು ನೀಡಿದ್ದು ಕಪ್ಪು ಮೈಬಣ್ಣದವರನ್ನು ಬೆಳ್ಳಗಾಗಿಸುತ್ತಿತ್ತು. ಆಕ್ಷೇಪಗಳೆದ್ದಾಗ ಅದನ್ನು ರೂಪಿಸಿದವರು ಕ್ಷಮೆ ಕೋರಿದರು. ಯಂತ್ರಕ್ಕೆ ಕಲಿಸಲು ಬಳಸಿದ ಚಿತ್ರಗಳಲ್ಲಿಯೇ ಪಕ್ಷಪಾತವಿತ್ತೆಂಬುದು ಅವರ ವಿವರಣೆಯಾಗಿತ್ತು. ನಮ್ಮ ಮಕ್ಕಳ ಕೈಯಲ್ಲಿರುವ ಎಷ್ಟೋ ಫಿಲ್ಟರುಗಳು ಇಂದಿಗೂ ಮೈಬಣ್ಣವನ್ನು ಒಂದೆರಡು ಮಟ್ಟ ತಿಳಿಗೊಳಿಸಿ, ಮೂಗನ್ನು ಸಪೂರಗೊಳಿಸಿ ತೋರಿಸುತ್ತವೆ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ದಿನವೂ ಆ ಮುಖವನ್ನೇ ತನ್ನದೆಂದು ನೋಡುತ್ತಿದ್ದರೆ ಸ್ನಾನದ ಮನೆಯ ಕನ್ನಡಿ ಅವಳಿಗೆ ಸುಳ್ಳೆನಿಸದೆ ಇದ್ದೀತೆ? ಹೆತ್ತವರು ಮೊದಲು ನೋಡಬೇಕಾದುದು ಈ ಒಂದು ಗುಂಡಿಯನ್ನು. ಕ್ಯಾಮರಾದ ಸೆಟ್ಟಿಂಗ್ಸ್ ತೆರೆದು ಅದನ್ನು ಸೊನ್ನೆಗೆ ಇಳಿಸಿಡಿರಿ.

ಹಿನ್ನೆಲೆಯನ್ನು ಮಬ್ಬಾಗಿಸುವ ‘ಪೋರ್ಟ್ರೇಟ್’ ವಿಧಾನದ ಅಪರಾಧ ಇಷ್ಟು ಘೋರವಲ್ಲ. ಎದುರಿನ ವ್ಯಕ್ತಿ ಎಲ್ಲಿ ಮುಗಿಯುತ್ತಾನೆ, ಹಿನ್ನೆಲೆ ಎಲ್ಲಿ ತೊಡಗುತ್ತದೆ ಎಂಬುದನ್ನು ಫೋನು ಲೆಕ್ಕ ಹಾಕಿ ಊಹಿಸುತ್ತದೆ. ತಲೆಗೂದಲಿನ ಬಳಿಯೇ ತಡವರಿಸುವ ಆ ಊಹೆ ಕಿರೀಟದ ಅಂಚಿನ ಕುಸುರಿಯನ್ನು ಅರ್ಧಕ್ಕರ್ಧ ಹಿನ್ನೆಲೆಗೆ ದಾನ ಮಾಡುತ್ತದೆ. ವೇಷದ ಚಿತ್ರಗಳಿಗೆ ಅದು ಸಲ್ಲದು. ಇನ್ನು ಕೆಂಪು ಬಣ್ಣದ ವಿಚಾರ. ಝಗಝಗಿಸುವ ದೀಪಗಳ ಕೆಳಗೆ ಗಾಢ ಕೆಂಪು ಕ್ಯಾಮರಾದ ಸಂವೇದಕದಲ್ಲಿ ಬೇಗನೆ ತುಂಬಿ ತುಳುಕುತ್ತದೆ; ಬಟ್ಟೆಯ ನೆರಿಗೆಗಳೆಲ್ಲ ಅಳಿದು ಬರಿಯ ಕೆಂಪು ಹಾಳೆಯಾಗುತ್ತದೆ. ತೆಯ್ಯಂ ಚಿತ್ರ ತೆಗೆದವರೆಲ್ಲರಿಗೂ ಇದು ಗೊತ್ತು. ಆ ಬಳಿಕ ಯಾವ ಆ್ಯಪ್ ಹಾಕಿದರೂ ಕಳೆದುಹೋದ ನೆರಿಗೆ ಮರಳದು. ತೆಗೆಯುವಾಗಲೇ ಪರದೆಯನ್ನು ಮುಟ್ಟಿ, ಬೆಳಕಿನ ಗುರುತನ್ನು ತುಸು ಕೆಳಗೆಳೆದು ತೆಗೆಯುವುದೊಂದೇ ಉಪಾಯ.

ಎಲ್ಲರಿಗೂ ಪ್ರಿಯವಾದ ಕಂದು ಬಣ್ಣಕ್ಕೆ ಬರೋಣ. ನಮ್ಮ ಕಡಲಿನ ಬೊಂಡಾಸದ ಬಳಗಕ್ಕೆ ಸೇರಿದ ಜೀವಿಯೊಂದಕ್ಕೆ ಗ್ರೀಕರಿಟ್ಟ ಹೆಸರು ಸೆಪಿಯಾ. ಅದು ಉಗುಳುವ ಮಸಿಯಿಂದ ಒಂದು ಕಾಲದಲ್ಲಿ ಚಿತ್ರ ಬರೆಯುತ್ತಿದ್ದರು. ಹಳೆಯ ಫೋಟೋಗಳ ಬಣ್ಣವೂ ಅದನ್ನೇ ಹೋಲುತ್ತಿದ್ದುದರಿಂದ ಹೆಸರು ಅವಕ್ಕೂ ಅಂಟಿತು. ಆದರೆ ಸ್ಟುಡಿಯೋದವರು ಚಿತ್ರವನ್ನು ಕಂದಾಗಿಸುತ್ತಿದ್ದುದು ಅಂದಕ್ಕಾಗಿ ಮಾತ್ರವಲ್ಲ. ಕಾಗದದ ಮೇಲಿನ ಬೆಳ್ಳಿಯ ಕಣಗಳು ಗಾಳಿಗೆ ಕೆಡುತ್ತವೆ. ಅವನ್ನು ರಾಸಾಯನಿಕ ದ್ರವದಲ್ಲಿ ಅದ್ದಿ ಬೆಳ್ಳಿಯ ಸಲ್ಫೈಡಾಗಿ ಮಾರ್ಪಡಿಸಿದರೆ ಬಣ್ಣ ಕಂದಾಗುತ್ತದೆ, ಬಾಳಿಕೆ ಹೆಚ್ಚುತ್ತದೆ. ಅಜ್ಜನ ಮದುವೆಯ ಚಿತ್ರ ಕಂದಾಗಿದ್ದು ಇಂದಿಗೂ ಗೋಡೆಯ ಮೇಲಿದ್ದರೆ ಆ ಕಂದು ಅದನ್ನು ಕಾಪಾಡಿರಲೂಬಹುದು. ನಿನ್ನೆಯ ಚಿತ್ರವನ್ನು ಮುದಿಯಾಗಿ ಕಾಣಿಸುವ ಆ್ಯಪ್‌ನ ಕಂದು ಏನನ್ನೂ ಕಾಪಾಡುವುದಿಲ್ಲ.

ಇಷ್ಟು ದೂರಿದ ಮೇಲೆ ಮೆಚ್ಚಿದ್ದನ್ನೂ ಹೇಳಬೇಕು. 2016ರಲ್ಲಿ ಬಂದ ಪ್ರಿಸ್ಮಾ ಎಂಬ ಆ್ಯಪ್ ನಾವು ತೆಗೆದ ಚಿತ್ರವನ್ನು ಪ್ರಸಿದ್ಧ ವರ್ಣಚಿತ್ರಗಳ ಶೈಲಿಯಲ್ಲಿ ಮರಳಿ ಬರೆಯುತ್ತದೆ. ಇದರ ಹಿಂದಿನ ತತ್ತ್ವ, ಚಿತ್ರವೊಂದರ ವಸ್ತುವನ್ನೂ ಶೈಲಿಯನ್ನೂ ಗಣಿತದಿಂದ ಬೇರ್ಪಡಿಸುವ ವಿಧಾನ, 2015ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನ ಮೂವರು ಸಂಶೋಧಕರಿಂದ ಬಂತು. ಕನ್ನಡ ನಿಘಂಟಿನ ಕಿಟ್ಟೆಲರು 1903ರಲ್ಲಿ ಕೊನೆಯುಸಿರೆಳೆದ ಊರೂ ಅದೇ ಎಂಬುದು ಕೇವಲ ಕಾಕತಾಳೀಯ, ಆದರೂ ನೆನಪಾಗದಿರಲಿಲ್ಲ. ಮುರಕಲ್ಲಿನ ಗೋಡೆ, ಮಳೆಯಲ್ಲಿ ನೆನೆದ ಅಡಿಕೆ ತೋಟ, ಬೇಕಲ ಕೋಟೆಯ ಕೆಳಗಿನ ಅಲೆಗಳು ಈ ವಿಧಾನದಲ್ಲಿ ನಿಜಕ್ಕೂ ಸೊಗಸಾಗುತ್ತವೆ. ಅದೇ ಪರಿಣಾಮವನ್ನು ಶಾಲೆಯ ನಾಮಫಲಕಕ್ಕೆ ಹಚ್ಚಿರಿ: ಒತ್ತಕ್ಷರಗಳು ಮೊದಲು ಕಳಚಿ ಬೀಳುತ್ತವೆ, ಅನಂತರ ಕೊಂಬು, ದೀರ್ಘ. ಕೊನೆಗೆ ಉಳಿಯುವುದು ಯಾವ ಭಾಷೆಯೂ ಅಲ್ಲದ ಸುರುಳಿಗಳು.

ಮಕ್ಕಳಿಗೆ ಒಂದೇ ಒಂದು ಆ್ಯಪ್ ಕೊಡಬೇಕಿದ್ದರೆ ನಾನು ಕೊಡುವುದು ಸ್ನ್ಯಾಪ್‌ಸೀಡ್. ಇದು 2011ರಿಂದ ಇದೆ, ಮರುವರ್ಷ ಗೂಗಲ್‌ನ ಕೈಸೇರಿತು, ಹಣ ಕೇಳುವುದಿಲ್ಲ. ಚಿತ್ರಕ್ಕೆ ನಾವು ಮಾಡಿದ ಒಂದೊಂದು ಬದಲಾವಣೆಯನ್ನೂ ಅದು ಪಟ್ಟಿಯಾಗಿ ಇಟ್ಟುಕೊಳ್ಳುತ್ತದೆ. ಹಿಂದೆ ಸರಿದು ಯಾವ ಹೆಜ್ಜೆಯನ್ನಾದರೂ ಅಳಿಸಬಹುದು. ಸಿದ್ಧ ಪರಿಣಾಮವನ್ನು ಒಮ್ಮೆಲೇ ಹಚ್ಚುವ ಬದಲು ಮಗು ಬಣ್ಣವನ್ನೆಲ್ಲ ತೆಗೆದು ಕಪ್ಪುಬಿಳುಪಾಗಿಸಿ, ಬೆಳಕು ಎತ್ತಲಿಂದ ಬಿದ್ದಿದೆ ಎಂದು ನೋಡಲಿ. ರಜೆಯ ದಿನ ಒಂದೇ ತುಳಸಿಕಟ್ಟೆಯನ್ನು ಬೆಳಿಗ್ಗೆ ಏಳಕ್ಕೆ, ನಡುಮಧ್ಯಾಹ್ನ, ಸಂಜೆ ದೀಪ ಹಚ್ಚಿದ ಮೇಲೆ ತೆಗೆದು ಹೋಲಿಸಲಿ. ಅದರಿಂದ ಕಲಿಯುವಷ್ಟನ್ನು ನೂರು ಫಿಲ್ಟರು ಕಲಿಸಲಾರವು.

ಆ್ಯಪ್ ಯಾವುದೇ ಇರಲಿ, ಒಳಗೆ ಬಿಡುವ ಮುನ್ನ ಅದು ಕೇಳುವ ಅನುಮತಿಗಳನ್ನು ಓದಿರಿ. ಬಣ್ಣ ಬದಲಿಸುವ ಆ್ಯಪ್‌ಗೆ ದೂರವಾಣಿ ಸಂಖ್ಯೆಗಳ ಪಟ್ಟಿ ಏಕೆ? ಕೆಲವು ಆ್ಯಪ್‌ಗಳು ಚಿತ್ರವನ್ನು ಫೋನಿನಲ್ಲಿ ತಿದ್ದದೆ ದೂರದ ಸರ್ವರಿಗೆ ಕಳುಹಿಸಿ ತಿದ್ದುತ್ತವೆ. ಕ್ಯಾಮರಾದಲ್ಲಿ ಸ್ಥಳ ನಮೂದು ತೆರೆದಿದ್ದರೆ ಮನೆಯ ನೆಲೆಯೂ ಚಿತ್ರದೊಳಗೇ ಬರೆದಿರುತ್ತದೆ. ಹದಿನೆಂಟು ತುಂಬದವರ ಮಾಹಿತಿಯನ್ನು ಬಳಸಲು ಹೆತ್ತವರ ಒಪ್ಪಿಗೆ ಬೇಕೆಂದು ನಮ್ಮ ದೇಶದ 2023ರ ಕಾಯಿದೆ ಹೇಳುತ್ತದೆ. ಒಪ್ಪಿಗೆಯ ಗುಂಡಿಯನ್ನು ಓದದೆ ಒತ್ತಿದರೆ ಕಾಯಿದೆಯೂ ಏನು ಮಾಡೀತು?

ಆಟಕ್ಕೂ ದಾಖಲೆಗೂ ನಡುವಿನ ಗೆರೆ ಎಲ್ಲಿದೆಯೆಂಬುದು ದೊಡ್ಡ ಪತ್ರಿಕೆಗಳಿಗೂ ಸುಲಭವಾಗಿ ತೋಚಿದ್ದಲ್ಲ. 2010ರಲ್ಲಿ ಡೇಮನ್ ವಿಂಟರ್ ಎಂಬ ಛಾಯಾಗ್ರಾಹಕರು ಅಫ್ಘಾನಿಸ್ತಾನದಲ್ಲಿದ್ದ ಅಮೆರಿಕದ ಸೈನಿಕರನ್ನು ಹಿಪ್‌ಸ್ಟಮ್ಯಾಟಿಕ್ ಎಂಬ ಫೋನ್ ಆ್ಯಪ್‌ನಿಂದ ತೆಗೆದರು. ನ್ಯೂಯಾರ್ಕ್ ಟೈಮ್ಸ್ ಅವನ್ನು ಮುಖಪುಟದಲ್ಲಿ ಅಚ್ಚುಮಾಡಿತು. ಮರುವರ್ಷ ಆ ಚಿತ್ರಗಳಿಗೆ ಬಹುಮಾನ ಬಂದಾಗ, ಇದು ವರದಿಯೋ ಅಲಂಕಾರವೋ ಎಂಬ ವಾದ ಎದ್ದಿತು. ನನಗಂತೂ ವಿಂಟರ್ ಅವರ ಪಕ್ಷವೇ ಸರಿಯೆನಿಸುತ್ತದೆ: ಅಲ್ಲಿ ಬಣ್ಣ ಬದಲಾಗಿತ್ತೇ ಹೊರತು ಇಲ್ಲದ ವಸ್ತುವೊಂದು ಬಂದು ಸೇರಿರಲಿಲ್ಲ.

ಈಗಿನ ಕೃತಕ ಬುದ್ಧಿಮತ್ತೆಯ ‘ಎನ್‌ಹಾನ್ಸ್’ ಗುಂಡಿಗಳ ಕತೆ ಹಾಗಲ್ಲ. ಮಸುಕಾದಲ್ಲಿ ಏನಿತ್ತೆಂದು ಅವು ತಾವೇ ಊಹಿಸಿ ಬರೆಯುತ್ತವೆ. ಮುಖವಾದರೆ ಬೇರೊಬ್ಬರ ಕಣ್ಣು ಬರಬಹುದು. ಕೈಬರಹವಾದರೆ ಬೇರೊಂದು ಅಕ್ಷರ ಬರಬಹುದು. ನಮ್ಮ ಗಡಿನಾಡಿನ ಮನೆಗಳ ಅಟ್ಟದಲ್ಲಿ ಪ್ರಸಂಗದ ತಾಳೆಗರಿಗಳಿವೆ, ಅಜ್ಜಂದಿರ ಲೆಕ್ಕದ ಪುಸ್ತಕಗಳಿವೆ, ಕಟ್ಟಡ ಬದಲಾದ ಶಾಲೆಗಳ ಹಳೆಯ ಗುಂಪು ಚಿತ್ರಗಳಿವೆ. ಇಲ್ಲಿ ಕನ್ನಡ ಹೇಗಿತ್ತೆಂಬುದಕ್ಕೆ ಅವುಗಳಲ್ಲಿ ಎಷ್ಟಕ್ಕೋ ಎರಡನೆಯ ಪ್ರತಿಯೇ ಇಲ್ಲ. ಅವನ್ನು ಫೋನಿನಲ್ಲಿ ತೆಗೆಯಬೇಕು, ಅವಶ್ಯವಾಗಿ ತೆಗೆಯಬೇಕು. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಪುಟಕ್ಕೆ ನೇರವಾಗಿ ಹಿಡಿದು. ಆಮೇಲೆ ಅದಕ್ಕೆ ಯಾವ ಪರಿಣಾಮವನ್ನೂ ಹಚ್ಚಬಾರದು. ಹಚ್ಚುವ ಆಸೆಯಾದರೆ ಪ್ರತಿಯೊಂದನ್ನು ಮಾಡಿಕೊಂಡು ಅದಕ್ಕೆ ಹಚ್ಚಿ.

ಕಳುಹಿಸುವಾಗಲೂ ಎಚ್ಚರವಿರಲಿ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗಿ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಮೂಲ ಗಾತ್ರದಲ್ಲಿಯೇ ತಲುಪುತ್ತದೆ. ರಕ್ಷಕ-ಶಿಕ್ಷಕ ಸಂಘದವರು ಶಾಲೆಯ ಗಣಕಯಂತ್ರದಲ್ಲಿ ವರ್ಷಕ್ಕೊಂದು ಫೋಲ್ಡರು ತೆರೆದು, ಈ ಕಲೋತ್ಸವದ ತಿದ್ದದ ಚಿತ್ರಗಳನ್ನು ಅದರಲ್ಲಿ ಹಾಕಿಡಲಿ. ಫೈಲಿನ ಹೆಸರಿನಲ್ಲಿ ಪ್ರಸಂಗ, ವೇಷ, ತಾರೀಖು ಕನ್ನಡದಲ್ಲಿಯೇ ಇರಲಿ. ಫೋನು ಅದನ್ನು ಯಾವ ತಕರಾರೂ ಇಲ್ಲದೆ ಒಪ್ಪಿಕೊಳ್ಳುತ್ತದೆ.