ಕಾಣದ ಆಳುಗಳು

ದೊಡ್ಡ ಮನೆಯ ಜಗಲಿಯಲ್ಲಿ ಯಜಮಾನನೊಬ್ಬನೇ ಕುಳಿತಿರುವಂತೆ ತೋರಿದರೂ ಹಿತ್ತಿಲಲ್ಲಿ ಆಳುಗಳು ದುಡಿಯುತ್ತಿರುವುದುಂಟು. ಲಿನಕ್ಸ್ ಗಣಕಯಂತ್ರದ ಸ್ಥಿತಿಯೂ ಹೀಗೆಯೇ. ತೆರೆಯ ಮೇಲೆ ಏನೂ ನಡೆಯದಿರುವಾಗಲೂ ಒಳಗೆ ಹತ್ತಾರು ಸೇವೆಗಳು ಸದ್ದಿಲ್ಲದೆ ನಡೆದಿರುತ್ತವೆ. ಒಂದು ಗಡಿಯಾರವನ್ನು ತಿದ್ದುತ್ತದೆ. ಇನ್ನೊಂದು ಮುದ್ರಣದ ಸರದಿಯನ್ನು ಕಾಯುತ್ತದೆ. ಮತ್ತೊಂದು ನಡೆದುದನ್ನೆಲ್ಲ ಬರೆದಿಡುತ್ತದೆ.

ಇಂತಹವಕ್ಕೆ ‘ಡೀಮನ್’ ಎಂದು ಹೆಸರು. ಹೆಸರು ಕೇಳಿ ಬೆದರಬೇಕಾದುದಿಲ್ಲ. ವೇಗದ ಅಣುಗಳನ್ನೂ ನಿಧಾನದ ಅಣುಗಳನ್ನೂ ಬೇರ್ಪಡಿಸುವ ಪುಟ್ಟ ದ್ವಾರಪಾಲಕನೊಬ್ಬನನ್ನು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿದ್ದನಷ್ಟೆ. 1963ರಲ್ಲಿ ಅಮೆರಿಕದ ಎಂ.ಐ.ಟಿ.ಯ ಗಣಕತಜ್ಞರು ಅವನ ಹೆಸರನ್ನೇ ಈ ಅದೃಶ್ಯ ಸೇವಕರಿಗೆ ಕೊಟ್ಟರು. ವಿಕ್ರಮನ ಹೆಗಲೇರಿದ ಬೇತಾಳಕ್ಕಿಂತ ಇವು ಸಾಧು, ಪ್ರಶ್ನೆಗಳನ್ನು ಕೇಳುವುದಿಲ್ಲ.

ಕೇಳಬೇಕಾದವನು ಯಜಮಾನನೇ. ಹೊರಗಿನ ಜಾಲಕ್ಕೆ ಕಿವಿಗೊಟ್ಟು ಕುಳಿತ ಪ್ರತಿಯೊಂದು ಸೇವೆಯೂ ಒಂದು ತೆರೆದ ಬಾಗಿಲು. 1988ರ ನವೆಂಬರ್ 2ರಂದು, ಲಿನಕ್ಸ್ ಇನ್ನೂ ಹುಟ್ಟಿರದ ಕಾಲದಲ್ಲಿ, ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಹರಿಯಬಿಟ್ಟ ‘ಹುಳು’ ಯುನಿಕ್ಸ್ ಮನೆತನದ ಸಾವಿರಾರು ಯಂತ್ರಗಳನ್ನು ಹೊಕ್ಕಿತು. ಅದು ಹಿಡಿದ ದಾರಿಗಳಲ್ಲೊಂದು ‘ಫಿಂಗರ್’ ಎಂಬ ಸೇವೆ. ಯಂತ್ರದಲ್ಲಿ ಯಾರು ಕೆಲಸದಲ್ಲಿದ್ದಾರೆಂದು ಹೊರಗಿನವರಿಗೆ ಹೇಳುವುದಷ್ಟೇ ಅದರ ಉದ್ಯೋಗ! ಅದಿಲ್ಲದೆ ಲೋಕವೇನೂ ನಿಲ್ಲುತ್ತಿರಲಿಲ್ಲ.

ಉಬುಂಟು, ಡೆಬಿಯನ್, ಫೆಡೋರಾ ಮೊದಲಾದವುಗಳಲ್ಲಿ ಇಂದು ಈ ಆಳುಗಳ ಮೇಸ್ತ್ರಿ 2010ರಲ್ಲಿ ಹೊರಬಂದ ‘ಸಿಸ್ಟಮ್‌ಡಿ’. ‘ಸಿಸ್ಟಮ್‌ಸಿಟಿಎಲ್ ಲಿಸ್ಟ್-ಯೂನಿಟ್ಸ್ --ಟೈಪ್=ಸರ್ವಿಸ್ --ಸ್ಟೇಟ್=ರನ್ನಿಂಗ್’ ಎಂದು ರೋಮನ್ ಅಕ್ಷರಗಳಲ್ಲಿ ಬೆರಳಚ್ಚಿಸಿದರೆ ಆ ಕ್ಷಣ ದುಡಿಯುತ್ತಿರುವವರ ಪಟ್ಟಿ ದೊರೆಯುತ್ತದೆ. ಆದರೆ ಇದು ಇಂದಿನ ಹಾಜರಿ ಮಾತ್ರ. ಯಂತ್ರ ಎದ್ದಾಗಲೆಲ್ಲ ಯಾರು ಬರಬೇಕೆಂಬ ನೇಮಕದ ಪಟ್ಟಿ ಬೇರೆ. ಅದನ್ನು ‘ಲಿಸ್ಟ್-ಯೂನಿಟ್-ಫೈಲ್ಸ್’ ತೋರಿಸುತ್ತದೆ. ಅನೇಕರು ಎಡವುವುದು ಇಲ್ಲಿಯೇ. ‘ಸ್ಟಾಪ್’ ಎಂದರೆ ಆಳು ಈಗ ಹೊರಟುಹೋದಾನು, ನಾಳೆ ಯಂತ್ರವನ್ನು ಮತ್ತೆ ಹೊತ್ತಿಸಿದೊಡನೆ ಹಾಜರಾದಾನು. ‘ಡಿಸೇಬಲ್’ ಎಂದಷ್ಟೇ ಹೇಳಿದರೆ ನಾಳೆಯ ಪಟ್ಟಿಯಿಂದ ಹೆಸರು ಹೋಗುತ್ತದೆ, ಇಂದಿನ ಆಳು ಕದಲುವುದಿಲ್ಲ. ಎರಡನ್ನೂ ಹೇಳಬೇಕು. ಅಷ್ಟಾದರೂ ಮತ್ತೊಂದು ಸೇವೆ ಕರೆದರೆ ಎದ್ದು ಬರುವವರುಂಟು. ಅವರಿಗೆ ‘ಮಾಸ್ಕ್’ ಎಂಬ ಕಟ್ಟಪ್ಪಣೆಯೇ ಬೇಕು.

ಬಾಗಿಲುಗಳನ್ನು ಎಣಿಸುವುದಕ್ಕೆ ‘ಎಸ್‌ಎಸ್ -ಟಿಎಲ್‌ಎನ್‌ಪಿ’ ಎಂಬ ಬೇರೊಂದು ಆಜ್ಞೆಯಿದೆ. ಆಡಳಿತಗಾರನ ಅಧಿಕಾರದಿಂದ ಕೇಳಿದರೆ ಯಾವ ಬಾಗಿಲಲ್ಲಿ ಯಾರಿದ್ದಾರೆಂದು ಹೆಸರು ಸಹಿತ ಹೇಳುತ್ತದೆ. 127.0.0.1 ಎಂಬ ವಿಳಾಸ ಕಂಡರೆ ಅದು ಮನೆಯೊಳಗಿನ ಮಾತು, 0.0.0.0 ಎಂದಿದ್ದರೆ ಯಂತ್ರದ ಎಲ್ಲ ವಿಳಾಸಗಳಿಗೂ ಬಾಗಿಲು ತೆರೆದಿದೆಯೆಂದರ್ಥ, ಹೊರಗೆ ತಡೆಗೋಡೆಯಿದ್ದರೆ ಮಾತು ಬೇರೆ.

ಹೆಸರು ತಿಳಿಯದ ಆಳನ್ನೆಲ್ಲ ಹೊರದಬ್ಬುವ ಉತ್ಸಾಹವೂ ಸಲ್ಲದು. ‘ಸ್ಟೇಟಸ್’ ಎಂದು ಕೇಳಿ ಅವನ ಕೆಲಸವನ್ನು ಅರಿತುಕೊಳ್ಳುವುದು ಲೇಸು. ದೂರದ ಊರಿನಿಂದ ಎಸ್‌ಎಸ್‌ಎಚ್ ಮೂಲಕವೇ ಯಂತ್ರವನ್ನು ನಡೆಸುತ್ತಿರುವವನು ಆ ಸೇವೆಯನ್ನೇ ನಿಲ್ಲಿಸಿಬಿಟ್ಟರೆ, ಸಾಮಾನ್ಯವಾಗಿ ಹಿಡಿದಿರುವ ಸಂಪರ್ಕ ಮುಗಿಯುವ ತನಕ ಎಲ್ಲವೂ ಸರಿಯಾಗಿಯೇ ಇರುತ್ತದೆ. ಅದು ಕಡಿದ ಮೇಲೆ ಒಳಬರುವ ಹಾದಿಯಿಲ್ಲದೆ ಯಂತ್ರವಿರುವ ಊರಿಗೇ ಪ್ರಯಾಣ ಬೆಳೆಸಬೇಕಾದೀತು.