ಅಂದದ ಜಪಾನ್ ಅಷ್ಟೇ ಸಾಕೇ?

ಜಪಾನಿನ ವಿದೇಶಾಂಗ ಸಚಿವಾಲಯ 2017–18ರಲ್ಲಿ ಸಾವೊ ಪೌಲೊ, ಲಾಸ್ ಏಂಜಲೀಸ್, ಲಂಡನ್‌ಗಳಲ್ಲಿ ‘ಜಪಾನ್ ಹೌಸ್’ ತೆರೆಯಿತು. ಕುಶಲಕಲೆ, ವಿನ್ಯಾಸ, ಅಡುಗೆಗಳನ್ನು ಪರಿಚಯಿಸುವ ಇಂಥ ವೇದಿಕೆಗಳು ಸ್ವಾಗತಾರ್ಹವೇ. ಆದರೆ ಜಪಾನಿನ ಕಲೆ ಹೊರಗಿನ ಗಾಳಿ ಸೋಕದೆ ಬೆಳೆಯಿತೆಂಬ ಭ್ರಮೆಯನ್ನು ಅವು ಬಿತ್ತಬಾರದು. ಜಪಾನಿನ ಕಲಾವಿದ ಹೊಕುಸಾಯ್ 1831ರ ಸುಮಾರಿಗೆ ರಚಿಸಿದ ಮಹಾ ಅಲೆಯ ಚಿತ್ರದಲ್ಲಿರುವುದು ಬರ್ಲಿನ್‌ನಲ್ಲಿ ಹುಟ್ಟಿದ ಪ್ರಷ್ಯನ್ ನೀಲಿ; ದೂರದ ಫ್ಯೂಜಿ ಪರ್ವತವನ್ನು ಪುಟ್ಟದಾಗಿ ತೋರಿಸಿದ ರೀತಿಯಲ್ಲೂ ಯುರೋಪಿನ ಪ್ರಭಾವವಿದೆ. ಸಾವೊ ಪೌಲೊ ಇರುವ ಬ್ರೆಜಿಲ್‌ನ ಜಪಾನಿ ಸಮುದಾಯದ ಕಥೆಯೂ ಬರೀ ಅಂದದ್ದಲ್ಲ; ಅದು 1908ರಲ್ಲಿ ಕಾಫಿ ತೋಟದ ಕೂಲಿಗಾಗಿ ಹಡಗೇರಿ ಬಂದವರ ಬೆವರಿನಿಂದಲೇ ಶುರುವಾಗುತ್ತದೆ.

ಜನ ಬರುವುದು ಚೆಲುವು ನೋಡಲು, ಪಾಠ ಕೇಳಲಲ್ಲ ಎಂಬ ಆಕ್ಷೇಪವುಂಟು. ಆದರೆ ಬಣ್ಣದ ಮೂಲ ತಿಳಿದ ಮಾತ್ರಕ್ಕೆ ಚಿತ್ರದ ಚೆಲುವು ಕುಂದುವುದಿಲ್ಲ. ಇಂಥ ವೇದಿಕೆಗಳಿಗೆ ಸರ್ಕಾರ ಹಣ ಕೊಡಲಿ. ಏನನ್ನು ತೋರಿಸಬೇಕೆಂಬ ತೀರ್ಮಾನ ವಿದ್ವಾಂಸರದಾಗಿರಲಿ.